ಗಲ್ಲಿನ ಮಾತು, ಓಟಿನ ಮಾತು

ಜುಮಾ ಮುಗಿಸಿ ಮಸೀದಿಯ ಮೆಟ್ಟಿಲು ಇಳಿಯುವಾಗ ಸಿದ್ದಾಪುರ ಕಡೆಯ ಹಿರಿಯರೊಬ್ಬರು ನನ್ನ ಕೈ ಹಿಡಿದು ನಿಲ್ಲಿಸಿದರು. “ಹಜ್ರತ್, ಖುತ್ಬಾದಲ್ಲಿ ಕಿಸಾಸ್ ಬಗ್ಗೆ ಹೇಳಿದಿರಿ. ಹಾಗಾದರೆ ಫಾಸಿ ಕೊಡಿಸ್ತೇವೆ ಅಂತ ಭಾಷಣ ಮಾಡುವವರಿಗೇ ನಾವು ಓಟು ಹಾಕಬೇಕಾ?” ನಿಂತಲ್ಲೇ ಉತ್ತರಿಸುವ ಪ್ರಶ್ನೆ ಅದಲ್ಲ. ಖುತ್ಬಾದ ಸಾರಾಂಶದ ಜೊತೆಗೆ ಈ ಬರಹ ಅದಕ್ಕಾಗಿಯೇ.

2024ರ ಏಪ್ರಿಲ್ 18ರಂದು ಹುಬ್ಬಳ್ಳಿಯ ಕಾಲೇಜು ಆವರಣದಲ್ಲಿ ವಿದ್ಯಾರ್ಥಿನಿಯೊಬ್ಬಳ ಕೊಲೆಯಾಯಿತು. ಬಂಧಿತನಾದ ಆರೋಪಿ ನಮ್ಮ ಸಮುದಾಯದವನು. ಧಾರವಾಡದಲ್ಲಿ ಅಂಜುಮನ್ ಕರೆಯಂತೆ ಮುಸ್ಲಿಮರು ಅಂಗಡಿ ಮುಚ್ಚಿ ನ್ಯಾಯ ಕೇಳಿದರು. ರಾಜ್ಯ ಸರಕಾರ ತನಿಖೆಯನ್ನು ಸಿಐಡಿಗೆ ಒಪ್ಪಿಸಿ, ವಿಶೇಷ ನ್ಯಾಯಾಲಯದ ಮಾತಾಡಿತು. ಮೇ 7ಕ್ಕೆ ನಮ್ಮ ಉತ್ತರ ಕನ್ನಡದಲ್ಲಿ ಲೋಕಸಭೆಯ ಮತದಾನ. ಆ ಮೂರು ವಾರ ಶಿರಸಿ, ಯಲ್ಲಾಪುರದ ಚಹಾ ಅಂಗಡಿಗಳಲ್ಲಿ ನಮ್ಮ ಹುಡುಗರೇ ಎಲ್ಲರಿಗಿಂತ ಜೋರಾಗಿ “ಗಲ್ಲಿಗೇರಿಸಿ” ಎನ್ನುತ್ತಿದ್ದರು. ಅದರಲ್ಲಿ ಅರ್ಧ ಸಿಟ್ಟು, ಇನ್ನರ್ಧ ಭಯ. ಒಬ್ಬನ ಪಾಪ ಎಲ್ಲರ ತಲೆಗೆ ಬರಬಾರದು ಎಂಬ ಭಯ. ಆ ಭಯ ನನಗೂ ಇತ್ತು, ಸುಳ್ಳು ಹೇಳಲಾರೆ.

ಈಗ ಕಿಸಾಸ್ ವಿಷಯ. ಕೊಲೆಗೆ ಪ್ರತಿಯಾಗಿ ಪ್ರಾಣ ಕೇಳುವ ಹಕ್ಕನ್ನು ಪವಿತ್ರ ಕುರ್‌ಆನ್ ಒಪ್ಪುತ್ತದೆ. ಆದರೆ ಆ ಹಕ್ಕು ಸತ್ತವರ ವಾರಿಸುದಾರರದ್ದು, ಗುಂಪಿನದ್ದಲ್ಲ. ಅವರು ಪ್ರಾಣ ಕೇಳಬಹುದು, ದಿಯತ್ ಪಡೆಯಬಹುದು, ಸುಮ್ಮನೆ ಕ್ಷಮಿಸಲೂಬಹುದು. ಸಾಕ್ಷಿ ನೋಡಿ ತೀರ್ಪು ಕೊಡುವವನು ಖಾಝಿ. ಕಿಸಾಸ್‌ನ ಪ್ರಕರಣ ಬಂದಾಗಲೆಲ್ಲ ಪ್ರವಾದಿ(ಸ)ರವರು ಕ್ಷಮಿಸುವಂತೆ ಹೇಳುತ್ತಿದ್ದರೆಂದು ಅನಸ್(ರ)ರವರು ವರದಿ ಮಾಡಿದ್ದಾರೆ. ಕಿಸಾಸ್ ಎಂದರೆ ಗಲ್ಲು ಎಂದಷ್ಟೇ ತಿಳಿದವರು ಅರ್ಧ ಮಾತ್ರ ಓದಿದ್ದಾರೆ.

ನಮ್ಮ ದೇಶದ ಕಾನೂನಿನ ದಾರಿ ಬೇರೆ. ಇಲ್ಲಿ ಕೊಲೆ ಪ್ರಕರಣ ನಡೆಸುವುದು ಸರಕಾರ. ಮನೆಯವರು ಕ್ಷಮಿಸಿದರೂ ಕೇಸು ಮುಗಿಯುವುದಿಲ್ಲ. ಕೇರಳದ ನರ್ಸ್ ನಿಮಿಷಾ ಪ್ರಿಯಾ ಪ್ರಕರಣ ನೆನಪಿರಬಹುದು. ಯೆಮನ್‌ನಲ್ಲಿ 2025ರ ಜುಲೈ 16ಕ್ಕೆ ನಿಗದಿಯಾಗಿದ್ದ ಶಿಕ್ಷೆ ಮುಂದಕ್ಕೆ ಹೋಯಿತು. ದಿಯತ್ ಮಾತುಕತೆಗೆ ಕಾಂತಪುರಂ ಎ.ಪಿ. ಅಬೂಬಕ್ಕರ್ ಮುಸ್ಲಿಯಾರ್ ಕೈ ಹಾಕಿದರು, ರಾಜಕಾರಣಿಗಳೂ ಓಡಾಡಿದರು. ಯೆಮನ್‌ನಲ್ಲಿ ದಯೆ ಕೇಳುವ ನಾವು ಊರಿನಲ್ಲಿ ಹಗ್ಗ ಕೇಳುತ್ತೇವೆ!

ಭಾರತೀಯ ನ್ಯಾಯ ಸಂಹಿತೆಯ 103ನೇ ಕಲಮಿನಂತೆ ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ. 1980ರ ಬಚನ್ ಸಿಂಗ್ ತೀರ್ಪಿನ ಪ್ರಕಾರ ಜೀವಾವಧಿಯೇ ನಿಯಮ, ಗಲ್ಲು ಅಪರೂಪದಲ್ಲಿ ಅಪರೂಪದ ಪ್ರಕರಣಕ್ಕೆ ಮಾತ್ರ. ಸೆಷನ್ಸ್ ಕೋರ್ಟು ಗಲ್ಲು ವಿಧಿಸಿದರೂ ಹೈಕೋರ್ಟು ದೃಢಪಡಿಸಬೇಕು. ಆಮೇಲೆ ಸುಪ್ರೀಂ ಕೋರ್ಟು, ಕೊನೆಗೆ ರಾಜ್ಯಪಾಲರು ಮತ್ತು ರಾಷ್ಟ್ರಪತಿಗಳ ಬಳಿ ಕ್ಷಮಾದಾನದ ಅರ್ಜಿ. ಮೈಸೂರಿನ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರ ಮೊಮ್ಮಗಳನ್ನು ಬೆಂಗಳೂರಿನಲ್ಲಿ ಕೊಂದ ಶ್ರದ್ಧಾನಂದನಿಗೆ ಕೆಳಗಿನ ಎರಡೂ ನ್ಯಾಯಾಲಯಗಳು ಗಲ್ಲು ವಿಧಿಸಿದ್ದವು. 2008ರಲ್ಲಿ ಸುಪ್ರೀಂ ಕೋರ್ಟು ಅದನ್ನು ಸಾಯುವವರೆಗೆ ಬಿಡುಗಡೆಯಿಲ್ಲದ ಜೈಲುವಾಸವಾಗಿ ಬದಲಿಸಿತು. ಗಲ್ಲಿಗೂ ಹದಿನಾಲ್ಕು ವರ್ಷದ ಮಾತಿಗೂ ನಡುವೆ ಮೂರನೆಯ ದಾರಿ ತೆರೆದದ್ದು ನಮ್ಮ ರಾಜ್ಯದ ಆ ಪ್ರಕರಣ.

ಬೆಳಗಾವಿಯ ಹಿಂಡಲಗಾ ಜೈಲಿನ ಕತೆಯೂ ಇದೆ. 1993ರ ಪಾಲಾರ್ ಸ್ಫೋಟದಲ್ಲಿ ವೀರಪ್ಪನ್‌ನ ನಾಲ್ವರು ಸಹಚರರಿಗೆ ಮೈಸೂರಿನ ಟಾಡಾ ಕೋರ್ಟು ಜೀವಾವಧಿ ಕೊಟ್ಟಿತ್ತು. 2004ರಲ್ಲಿ ಸುಪ್ರೀಂ ಕೋರ್ಟು ಅದನ್ನು ಗಲ್ಲಿಗೆ ಏರಿಸಿತು. ಕ್ಷಮಾದಾನದ ಅರ್ಜಿ ಒಂಬತ್ತು ವರ್ಷ ಕೊಳೆಯಿತು. ಆ ವಿಳಂಬದ ಕಾರಣಕ್ಕೇ 2014ರ ಜನವರಿಯಲ್ಲಿ ಅದೇ ನ್ಯಾಯಾಲಯ ಗಲ್ಲನ್ನು ತೆಗೆದುಹಾಕಿತು. ಕೈದಿಯೂ, ಸತ್ತವರ ಮನೆಯವರೂ ಅಷ್ಟು ವರ್ಷ ಕಾದದ್ದಕ್ಕೆ ಯಾರು ಉತ್ತರ ಹೇಳುತ್ತಾರೆ?

ಇನ್ನು ಪಕ್ಷಗಳು. ಕಾಂಗ್ರೆಸ್ ಆಡಳಿತದಲ್ಲೇ 2012 ಮತ್ತು 2013ರಲ್ಲಿ ಕಸಬ್ ಮತ್ತು ಅಫ್ಝಲ್ ಗುರುವನ್ನು ಗಲ್ಲಿಗೇರಿಸಲಾಯಿತು. ಬಿಜೆಪಿ ಸರಕಾರ 2018 ಮತ್ತು 2019ರಲ್ಲಿ ಮಕ್ಕಳ ಮೇಲಿನ ಅತ್ಯಾಚಾರಕ್ಕೆ ಮರಣದಂಡನೆ ಸೇರಿಸಿತು, ಹೊಸ ಸಂಹಿತೆಯಲ್ಲಿ ಗುಂಪು ಹತ್ಯೆಗೂ ಇಟ್ಟಿತು. ಎಡಪಕ್ಷಗಳು ಮರಣದಂಡನೆಗೆ ವಿರೋಧ. ಸಿಪಿಐನ ಡಿ. ರಾಜಾ 2015ರಲ್ಲಿ ರಾಜ್ಯಸಭೆಯಲ್ಲಿ ಅದರ ರದ್ದತಿಗೆ ಖಾಸಗಿ ನಿರ್ಣಯ ಮಂಡಿಸಿದರು. ಅದೇ ವರ್ಷ ಕಾನೂನು ಆಯೋಗವೂ ಭಯೋತ್ಪಾದನೆ ಬಿಟ್ಟು ಉಳಿದೆಲ್ಲದಕ್ಕೆ ಗಲ್ಲು ಬೇಡ ಎಂದು ವರದಿ ಕೊಟ್ಟಿತು. ವರದಿ ಕಪಾಟಿನಲ್ಲಿದೆ.

ನಮ್ಮ ಹಿರಿಯರಿಗೆ ಮುಖ್ಯವಾಗಿ ಹೇಳಬೇಕಾದ್ದು ಇದು: “ಫಾಸಿ ಕೊಡಿಸ್ತೇನೆ” ಎನ್ನುವ ಅಭ್ಯರ್ಥಿಗೆ ಆ ಅಧಿಕಾರವೇ ಇಲ್ಲ. ಸಂಸದರು ಕಾಯ್ದೆಯ ತಿದ್ದುಪಡಿಗೆ ಕೈ ಎತ್ತಬಹುದು. ಶಾಸಕರೂ ಮಸೂದೆ ತರಬಹುದು, ಆದರೆ ಕೇಂದ್ರದ ಕಾಯ್ದೆಗೆ ವಿರುದ್ಧವಾದರೆ ರಾಷ್ಟ್ರಪತಿಗಳ ಅಂಕಿತ ಬೇಕು. ಆಂಧ್ರದ ವಿಧಾನಸಭೆ 2019ರಲ್ಲಿ ಅಂಗೀಕರಿಸಿದ ‘ದಿಶಾ’ ಮಸೂದೆಗೆ ಅದು ಸಿಗಲಿಲ್ಲ. ಶಿಕ್ಷೆ ಬರೆಯುವುದು ನ್ಯಾಯಾಧೀಶರು.

ಯಾರಿಗೆ ಓಟು ಎಂದು ಮಿಂಬರಿನಿಂದ ಹೇಳುವವನು ನಾನಲ್ಲ. ಮನೆ ಬಾಗಿಲಿಗೆ ಬಂದವರನ್ನು ಕೇಳಿ: ತನಿಖೆ ಬೇಗ ಮುಗಿಯಲು ಏನು ಮಾಡುತ್ತೀರಿ? ಸಾಕ್ಷಿ ಹೇಳುವವರಿಗೆ ರಕ್ಷಣೆ ಯಾರು ಕೊಡುತ್ತಾರೆ? ಬಡವನ ಪರ ನಿಲ್ಲುವ ವಕೀಲ ಎಲ್ಲಿ? ಈ ಕೊನೆಯದು ಸಣ್ಣ ಪ್ರಶ್ನೆಯಲ್ಲ. ದೆಹಲಿಯ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯದ 2016ರ ವರದಿಯಂತೆ ಗಲ್ಲಿನ ಕೈದಿಗಳಲ್ಲಿ ಶೇ. 74ರಷ್ಟು ಜನ ಆರ್ಥಿಕವಾಗಿ ದುರ್ಬಲರು.

ಅಂದ ಹಾಗೆ, ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರನ್ನು ಪಡೆಯುವ ಹಕ್ಕನ್ನು 1987ರ ಕಾನೂನು ಸೇವಾ ಪ್ರಾಧಿಕಾರಗಳ ಕಾಯ್ದೆ ಕೊಟ್ಟಿದೆ. ಹೆಂಗಸರಿಗೂ ಆದಾಯದ ಮಿತಿ ಇಲ್ಲ. ಮೂರೂ ತಾಲೂಕಿನ ಕೋರ್ಟು ಆವರಣದಲ್ಲಿ ತಾಲೂಕು ಕಾನೂನು ಸೇವಾ ಸಮಿತಿಯನ್ನು ವಿಚಾರಿಸಿ. ಅರ್ಜಿ ಬರೆಯಲು ಬಾರದವರು ಅಸರ್ ನಂತರ ಮಸೀದಿಗೆ ಬಂದರೆ ನಾನು ಬರೆದುಕೊಡುತ್ತೇನೆ.