ವಿಕ್ಟರ್ ಹ್ಯೂಗೋ ಸಂತನಾದ ಊರು

ಚೀನಾದ ಕ್ರಾಂತಿ ನಾಯಕ ಸುನ್ ಯಾತ್-ಸೆನ್ ಮಸಿಯ ಕಲ್ಲು ಹಿಡಿದು ನಿಂತಿದ್ದಾನೆ. ವಿಯೆಟ್ನಾಂನ 16ನೇ ಶತಮಾನದ ಕವಿ ನ್ಗುಯೆನ್ ಬಿನ್ ಖೀಮ್ ಕುಂಚದಿಂದ ಚೀನೀ ಲಿಪಿಯಲ್ಲಿ ಬರೆಯುತ್ತಿದ್ದಾನೆ. ಪಕ್ಕದಲ್ಲಿ ಫ್ರೆಂಚ್ ಅಕಾಡೆಮಿಯ ಸಮವಸ್ತ್ರ ತೊಟ್ಟು ಗರಿಯ ಲೇಖನಿ ಹಿಡಿದ ಬಿಳಿಗಡ್ಡದ ಮುದುಕ ಸಾಕ್ಷಾತ್ ಫ್ರೆಂಚ್ ಸಾಹಿತಿ ವಿಕ್ಟರ್ ಹ್ಯೂಗೋ! ಮೂವರೂ ಸೇರಿ ಬರೆಯುತ್ತಿರುವುದು ದೇವರಿಗೂ ಮನುಷ್ಯರಿಗೂ ನಡುವಿನ ಕರಾರುಪತ್ರ. ತೈ ನಿನ್ ಊರಿನ ಕಾವೊ ದಾಯ್ ಧರ್ಮದ ಮಹಾದೇಗುಲದ ಬಾಗಿಲು ದಾಟುತ್ತಲೇ ಕಾಣುವ ಭಿತ್ತಿಚಿತ್ರ ಇದು.

ಹೋ ಚಿ ಮಿನ್ ಸಿಟಿಯ ಬುಯಿ ವಿಯೆನ್ ಬೀದಿ ಬೆನ್ನಿಗೆ ಚೀಲ ಹೊತ್ತು ತಿರುಗುವವರ ಅಡ್ಡೆ. ಅಲ್ಲಿನ ಟ್ರಾವೆಲ್ ಏಜೆನ್ಸಿಗಳು ಕಾವೊ ದಾಯ್ ದೇಗುಲವನ್ನೂ ಅಮೆರಿಕದ ಜೊತೆಗಿನ ಯುದ್ಧದಲ್ಲಿ ಗೆರಿಲ್ಲಾಗಳು ಅಡಗುತ್ತಿದ್ದ ಕೂ ಚಿ ಸುರಂಗಗಳನ್ನೂ ಒಂದೇ ದಿನದ ಪ್ರವಾಸವಾಗಿ ಮಾರುತ್ತವೆ. ಬಸ್ಸು ಹತ್ತುವವರಲ್ಲಿ ಹೆಚ್ಚಿನವರ ಕಣ್ಣು ಸುರಂಗದ ಮೇಲೆ, ದೇಗುಲವೆಂದರೆ ಕೊಸರು. ನನ್ನ ಲೆಕ್ಕದಲ್ಲಿ ಇದು ತಿರುಗುಮುರುಗು.

ನಗರದಿಂದ ಸುಮಾರು 100 ಕಿ.ಮೀ. ವಾಯವ್ಯಕ್ಕಿರುವ ತೈ ನಿನ್‌ಗೆ ಮಧ್ಯಾಹ್ನ 12ರ ಪ್ರಾರ್ಥನೆಯ ಹೊತ್ತಿಗೆ ತಲುಪಿದೆವು. ಚಪ್ಪಲಿ ಬಿಟ್ಟು, ಹೆಂಗಸರು ಎಡಗಡೆಯಿಂದ, ಗಂಡಸರು ಬಲಗಡೆಯಿಂದ ಒಳಗೆ. ಪ್ರವಾಸಿಗರು ನಿಲ್ಲಬೇಕಾದದ್ದು ಮೇಲಿನ ಮೊಗಸಾಲೆಯಲ್ಲಿ. ಗುಲಾಬಿ ಬಣ್ಣದ ಕಂಬಗಳಿಗೆ ಹಸಿರು ಡ್ರ್ಯಾಗನ್‌ಗಳು ಸುತ್ತಿಕೊಂಡಿವೆ. ಚಾವಣಿಯಲ್ಲಿ ನೀಲಿ ಆಕಾಶ, ನಕ್ಷತ್ರ. ನೆಲ ಒಂಬತ್ತು ಹಂತಗಳಲ್ಲಿ ಏರುತ್ತಾ ಗರ್ಭಗುಡಿಯಂಥ ಜಾಗಕ್ಕೆ ಮುಟ್ಟುತ್ತದೆ. ಅಲ್ಲಿ ಮೂರ್ತಿಯಿಲ್ಲ, ಒಂದು ದೊಡ್ಡ ಗೋಳ. ಅದರ ಮೇಲೆ ಒಂದೇ ಒಂದು ಕಣ್ಣು, ಎಡಗಣ್ಣು. ಕೆಳಗೆ ಬಿಳಿ ನಿಲುವಂಗಿಯ ಭಕ್ತರು ಸಾಲುಸಾಲಾಗಿ ಕೂತರು. ಪುರೋಹಿತರ ಹಳದಿ ಬೌದ್ಧ ಧರ್ಮಕ್ಕೆ, ನೀಲಿ ತಾವೋಗೆ, ಕೆಂಪು ಕನ್ಫ್ಯೂಷಿಯಸ್‌ಗೆ. ತಂತಿವಾದ್ಯಗಳ ಜೊತೆ ಸ್ತೋತ್ರ ಶುರುವಾದಾಗ ಮೊಗಸಾಲೆಯಲ್ಲಿ ಕ್ಯಾಮೆರಾಗಳ ಸದ್ದೂ ಶುರುವಾಯಿತು. ಕೆಳಗಿನ ಒಂದು ತಲೆಯೂ ಮೇಲೇಳಲಿಲ್ಲ.

ಆದರೆ ಹ್ಯೂಗೋ ಇಲ್ಲಿಗೆ ಬಂದದ್ದು ಹೇಗೆ? ಊಟಕ್ಕೆ ಕೂತಾಗಲೂ ನನಗೆ ಅದೇ ಗುಂಗು. 1925ರಲ್ಲಿ, ಈಗ ಹೋ ಚಿ ಮಿನ್ ಸಿಟಿಯಾಗಿರುವ ಸೈಗಾನ್‌ನಲ್ಲಿ ಫ್ರೆಂಚ್ ಸರ್ಕಾರದ ನೌಕರಿಯಲ್ಲಿದ್ದ ಮೂವರು ವಿಯೆಟ್ನಾಮೀ ಗುಮಾಸ್ತರು ಸಂಜೆ ಹೊತ್ತು ಮೇಜಿನ ಸುತ್ತ ಕೂತು ಆತ್ಮಗಳನ್ನು ಕರೆಯುತ್ತಿದ್ದರು. ಮೇಜಿನ ಕಾಲು ಎಷ್ಟು ಸಲ ಬಡಿಯಿತೆಂದು ಎಣಿಸಿ ಅಕ್ಷರ ಕೂಡಿಸುವುದು ಪದ್ಧತಿ. ಒಂದು ಆತ್ಮ ತನ್ನ ಹೆಸರೆಂದು ಅಕ್ಷರಮಾಲೆಯ ಮೊದಲ ಮೂರು ಅಕ್ಷರಗಳನ್ನಷ್ಟೇ ಹೇಳಿತಂತೆ. ಆಮೇಲೆ ತಾನೇ ಪರಮಾತ್ಮ ಕಾವೊ ದಾಯ್ ಎಂದಿತು. 1926ರಲ್ಲಿ ಹೊಸ ಧರ್ಮ ಅಧಿಕೃತವಾಗಿ ಸ್ಥಾಪನೆಯಾಯಿತು. ಮುಂದೆ ಹ್ಯೂಗೋನ ಆತ್ಮವೂ ಮಾತಾಡತೊಡಗಿತು. ವಿದೇಶಗಳ ಧರ್ಮಪ್ರಚಾರವನ್ನು ಅವನಿಗೇ ವಹಿಸಲಾಯಿತು.

ನಗುವವರು ಸ್ವಲ್ಪ ತಡೆಯಬೇಕು. 3ನೇ ನೆಪೋಲಿಯನ್‌ನನ್ನು ಎದುರುಹಾಕಿಕೊಂಡು ದೇಶಭ್ರಷ್ಟನಾದ ಹ್ಯೂಗೋ, ಜರ್ಸಿ ದ್ವೀಪದಲ್ಲಿ 1853ರಿಂದ 1855ರವರೆಗೆ ಮಾಡಿದ್ದೂ ಇದನ್ನೇ: ಮೇಜು ಬಡಿಸಿ ಆತ್ಮಗಳ ಜೊತೆ ಮಾತು. ನೀರಿನಲ್ಲಿ ಮುಳುಗಿ ಸತ್ತ ಮಗಳು ಲಿಯೊಪೋಲ್ಡಿನ್ ಮೊದಲು ಬಂದಳು. ಷೇಕ್ಸ್‌ಪಿಯರ್ ಕೂಡ ಬಂದ. ಆ ದಾಖಲೆಗಳು ಪ್ಯಾರಿಸ್‌ನಲ್ಲಿ ಪುಸ್ತಕವಾಗಿದ್ದು 1923ರಲ್ಲಿ. ಎರಡೇ ವರ್ಷಕ್ಕೆ ಸೈಗಾನ್‌ನ ಗುಮಾಸ್ತರು ಮೇಜು ಬಡಿಸಿದರು. ಫ್ರೆಂಚ್ ಓದಿದ್ದ ಅವರಿಗೆ ಆ ಸುದ್ದಿ ಮುಟ್ಟಿರಲಿಲ್ಲವೆಂದರೆ ನಾನಂತೂ ನಂಬಲಾರೆ. ಗೈಡ್‌ಗೆ ಇದನ್ನು ಹೇಳಿದೆ. "ಕರೆದರೆ ಬರುವವರನ್ನೇ ಅಲ್ಲವೇ ಕರೆಯುವುದು?" ಎಂದು ನಕ್ಕ.

ಇಲ್ಲಿ ನಮ್ಮ ದೇವರುಗಳೂ ಇದ್ದಾರೆ. ದೇಗುಲದ ಹಿಂಭಾಗದ ಎಂಟುಮೂಲೆಯ ಗೋಪುರದ ತುದಿಯಲ್ಲಿ ಬ್ರಹ್ಮ, ಶಿವ, ಕೃಷ್ಣ. ಬ್ರಹ್ಮ ಹಂಸದ ಮೇಲೆ, ಸರಿ. ಆದರೆ ಏಳು ಹೆಡೆಯ ಸರ್ಪದ ಮೇಲೆ ನಿಂತು ಕೊಳಲೂದುತ್ತಿರುವವನು ಶಿವ!

ಈ ದೇಗುಲವನ್ನು ಕಟ್ಟಿದ್ದು 1933ರಿಂದ 1955ರವರೆಗೆ. ಆ ಕಾಲದಲ್ಲೇ ಈ ಧರ್ಮಕ್ಕೆ ಸ್ವಂತ ಸೈನ್ಯವೂ ಇತ್ತು. ಗ್ರಹಾಂ ಗ್ರೀನ್ 'ದಿ ಕ್ವೈಟ್ ಅಮೆರಿಕನ್' ಕಾದಂಬರಿಯಲ್ಲಿ ಇವರನ್ನು ಗೇಲಿ ಮಾಡಿದ್ದಾನೆ. ಫ್ರೆಂಚರು ಅವರನ್ನು ಬಳಸಿಕೊಂಡರು, ದಕ್ಷಿಣ ವಿಯೆಟ್ನಾಂ ಸರ್ಕಾರ ಸೈನ್ಯವನ್ನು ಮುರಿಯಿತು, 1975ರ ನಂತರದ ಸರ್ಕಾರ ಆತ್ಮ ಕರೆಯುವುದನ್ನೇ ನಿಷೇಧಿಸಿತು. ಗುರು ಫಾಮ್ ಕಾಂಗ್ ತಾಕ್ 1959ರಲ್ಲಿ ಕಾಂಬೋಡಿಯಾದಲ್ಲಿ ತೀರಿಕೊಂಡ. ಅಸ್ಥಿ ತೈ ನಿನ್‌ಗೆ ಮರಳಿದ್ದು 2006ರಲ್ಲಿ.

ಕೂ ಚಿಗೆ ಹೋಗುವ ಹೆದ್ದಾರಿಯಲ್ಲೇ ತ್ರಾಂಗ್ ಬಾಂಗ್ ಸಿಗುತ್ತದೆ. 1972ರ ಜೂನ್ 8ರಂದು ಇಲ್ಲೇ ನೇಪಾಮ್ ಬೆಂಕಿಯಿಂದ ಬತ್ತಲೆ ಓಡಿಬಂದ ಒಂಬತ್ತು ವರ್ಷದ ಕಿಮ್ ಫುಕ್‌ಳ ಚಿತ್ರ ಯಾರು ನೋಡಿಲ್ಲ? ಅವಳ ಮನೆಯವರು ಕಾವೊ ದಾಯ್ ಭಕ್ತರು. ಬಾಂಬು ಬೀಳುವ ಮುನ್ನ ಆಸರೆ ಪಡೆದಿದ್ದೂ ಊರಿನ ಕಾವೊ ದಾಯ್ ಗುಡಿಯಲ್ಲೇ. ದೇಗುಲಕ್ಕೂ ಯುದ್ಧಕ್ಕೂ ನಿಜವಾದ ಕೊಂಡಿ ಇದು. ನಮ್ಮ ಬಸ್ಸು ಅಲ್ಲಿ ನಿಲ್ಲಲಿಲ್ಲ.

ಕೂ ಚಿಯ ಬೆನ್ ದಿನ್ ಭಾಗದಲ್ಲಿ ಗೈಡ್ ತರಗೆಲೆ ಸರಿಸಿ ಹಲಗೆ ಎತ್ತಿದ. ಎರಡು ಗೇಣಿನಷ್ಟು ತೂತು. ನಮ್ಮಲ್ಲೊಬ್ಬ ಇಳಿದ, ಭುಜ ಸಿಕ್ಕಿಕೊಂಡು ಮೇಲೆ ಬಂದ. ಅಲ್ಲಿನದು ನಮ್ಮ ಕರಾವಳಿಯ ಮುರಕಲ್ಲಿನ ಜಾತಿಯ ಮಣ್ಣು, ಒಣಗಿದರೆ ಗಟ್ಟಿ. ಗುದ್ದಲಿ, ಬುಟ್ಟಿಯಲ್ಲೇ ತೋಡಿದ ಸುರಂಗಜಾಲ ಒಂದು ಕಾಲಕ್ಕೆ 250 ಕಿ.ಮೀ. ಇತ್ತು. ಗಾಳಿಕಂಡಿಗಳಿಗೆ ಹುತ್ತದ ವೇಷ. ಅಮೆರಿಕನ್ನರ ನಾಯಿಗಳ ಮೂಗಿಗೆ ಮೋಸ ಮಾಡಲು ಮೆಣಸಿನಪುಡಿ. ಅಡುಗೆಯ ಹೊಗೆಯನ್ನು ಉದ್ದನೆಯ ಕಾಲುವೆಗಳಲ್ಲಿ ಹಾಯಿಸಿ, ತೆಳ್ಳಗಾಗಿಸಿ ದೂರದಲ್ಲಿ ಬಿಡುವ ಒಲೆ ನಿಜಕ್ಕೂ ಬೆರಗು. ಕೊನೆಗೆ ಬೇಯಿಸಿದ ಮರಗೆಣಸು, ನಂಚಿಕೊಳ್ಳಲು ಶೇಂಗಾಪುಡಿ. ಅಷ್ಟರಲ್ಲೇ ಪಕ್ಕದಿಂದ ಢಂ ಢಂ: ದುಡ್ಡು ಕೊಟ್ಟರೆ ಎಕೆ-47 ಹಾರಿಸಬಹುದು. ಸತ್ತವರ ನೆಲದಲ್ಲಿ ಈ ಆಟ ನನಗೆ ಸೇರಲಿಲ್ಲ.

ಹೋಗುವವರಿಗೆ ಎರಡು ಮಾತು. ಕೂ ಚಿಯಲ್ಲಿ ಬೆನ್ ದುವೊಕ್ ಭಾಗಕ್ಕೆ ಕರೆದೊಯ್ಯುವವರನ್ನು ಹುಡುಕಿ. ಅಲ್ಲಿನ ಸ್ಮಾರಕ ಮಂದಿರದಲ್ಲಿ ಮಡಿದ 44 ಸಾವಿರಕ್ಕೂ ಹೆಚ್ಚು ಜನರ ಹೆಸರುಗಳಿವೆ. ಎರಡರಲ್ಲಿ ಒಂದಕ್ಕೇ ಬಿಡುವಿದ್ದರೆ ಸುರಂಗ ಬಿಟ್ಟು ದೇಗುಲಕ್ಕೆ ಹೋಗಿ. ನಾವು ತೆವಳುವ ಸುರಂಗವನ್ನು ಪ್ರವಾಸಿಗರಿಗೆಂದೇ ಅಗಲ ಮಾಡಿದ್ದಾರೆ; ದೇಗುಲದ ಪ್ರಾರ್ಥನೆ ನಾವು ಹೋದರೂ ಬಿಟ್ಟರೂ ದಿನಕ್ಕೆ ನಾಲ್ಕು ಹೊತ್ತು ನಡೆಯುತ್ತದೆ.