ಒಂದೇ ಯೂರೋ, ಹಲವು ಬೆಲೆಯೇರಿಕೆ

2022ರ ಆಗಸ್ಟ್‌ನಲ್ಲಿ ಎಸ್ಟೋನಿಯಾದ ವಾರ್ಷಿಕ ಹಣದುಬ್ಬರ ಶೇ 25ನ್ನು ದಾಟಿದ್ದಾಗ, ಅದೇ ಯೂರೋವನ್ನು ಬಳಸುವ ಫ್ರಾನ್ಸ್‌ನಲ್ಲಿ ಅದು ಶೇ 7ನ್ನೂ ಮುಟ್ಟಿರಲಿಲ್ಲ. ಯೂರೋ ವಲಯದ ಸರಾಸರಿ ಶೇ 9ರ ಆಸುಪಾಸಿನಲ್ಲಿತ್ತು. ಫ್ರಾಂಕ್‌ಫರ್ಟ್‌ನಲ್ಲಿರುವ ಯುರೋಪಿಯನ್ ಸೆಂಟ್ರಲ್ ಬ್ಯಾಂಕ್ ಬಡ್ಡಿದರವನ್ನು ನಿರ್ಧರಿಸುವುದು ಇಡೀ ವಲಯದ ಈ ಸರಾಸರಿಯನ್ನು ಗಮನದಲ್ಲಿಟ್ಟುಕೊಂಡು. ಅದರಲ್ಲಿ ಸುಮಾರು 13 ಲಕ್ಷ ಜನರ ಎಸ್ಟೋನಿಯಾದ ಪಾಲು ಲೆಕ್ಕಕ್ಕೆ ಸಿಗದಷ್ಟು ಚಿಕ್ಕದು.

ಉಕ್ರೇನ್ ಯುದ್ಧದಿಂದ ಇಂಧನದ ಬೆಲೆ ಎಲ್ಲೆಡೆ ಏರಿತಾದರೂ ಅದು ಮನೆಯ ಬಿಲ್ಲಿಗೆ ತಲುಪಿದ ದಾರಿ ಒಂದೇ ಆಗಿರಲಿಲ್ಲ. ಫ್ರಾನ್ಸ್ ಸರ್ಕಾರ ಆ ವರ್ಷ ಗೃಹಬಳಕೆಯ ವಿದ್ಯುತ್ ದರದ ಏರಿಕೆಯನ್ನು ಶೇ 4ಕ್ಕೆ ಕಟ್ಟಿಹಾಕಿ, ಉಳಿದ ಹೊರೆಯನ್ನು ಬಹುಮಟ್ಟಿಗೆ ಬೊಕ್ಕಸ ಮತ್ತು ವಿದ್ಯುತ್ ಕಂಪನಿಯ ಮೇಲೆ ಹಾಕಿತು. ಎಸ್ಟೋನಿಯಾದಲ್ಲಾದರೋ ಅನೇಕ ಕುಟುಂಬಗಳ ವಿದ್ಯುತ್ ಒಪ್ಪಂದ ಗಂಟೆಗಂಟೆಗೂ ಬದಲಾಗುವ ವಿನಿಮಯ ಕೇಂದ್ರದ ದರಕ್ಕೇ ಹೊಂದಿಕೊಂಡಿದ್ದರಿಂದ ಏರಿಕೆ ನೇರವಾಗಿ ಬಿಲ್ಲಿಗೆ ಬಂತು. ಆಹಾರ ಮತ್ತು ಇಂಧನಕ್ಕೇ ಆದಾಯದ ದೊಡ್ಡ ಭಾಗ ಹೋಗುವ ಪಿಂಚಣಿದಾರರಿಗೆ ಸರಾಸರಿಯ ಅಂಕಿ ಯಾವ ಸಮಾಧಾನವನ್ನೂ ಕೊಡಲಾರದು.

ಇಂಥ ಅಂತರವೆಲ್ಲ ರೋಗಲಕ್ಷಣವಲ್ಲ. ಹಿಂದುಳಿದ ದೇಶವೊಂದು ಉತ್ಪಾದಕತೆಯಲ್ಲಿ ಮುಂದೆ ಬರುವಾಗ ಅಲ್ಲಿನ ಕೂಲಿಯೂ ಸೇವೆಗಳ ಬೆಲೆಯೂ ಏರುವುದು ಸಹಜ. ಅಪಾಯವಿರುವುದು ನೈಜ ಬಡ್ಡಿಯಲ್ಲಿ, ಅಂದರೆ ಬಡ್ಡಿದರದಿಂದ ಹಣದುಬ್ಬರವನ್ನು ಕಳೆದಾಗ ಉಳಿಯುವ ದರದಲ್ಲಿ. 2003ರ ಮಧ್ಯದಲ್ಲಿ ಕೇಂದ್ರ ಬ್ಯಾಂಕಿನ ಮುಖ್ಯ ಬಡ್ಡಿದರ ಶೇ 2ಕ್ಕೆ ಇಳಿಯಿತು. ಆ ವರ್ಷ ಹಣದುಬ್ಬರ ಜರ್ಮನಿಯಲ್ಲಿ ಸುಮಾರು ಶೇ 1, ಸ್ಪೇನ್‌ನಲ್ಲಿ ಸುಮಾರು ಶೇ 3 ಇದ್ದುದರಿಂದ, ಮಂದಗತಿಯಲ್ಲಿದ್ದ ಜರ್ಮನಿಗೆ ಸಾಲ ಭಾರವಾಯಿತು, ಆಗಲೇ ಬಿಸಿಯೇರಿದ್ದ ಸ್ಪೇನ್‌ಗೆ ಅದು ಹೆಚ್ಚುಕಡಿಮೆ ಪುಕ್ಕಟೆಯಾಯಿತು. ಕಡಿವಾಣ ಬೇಕಾದಲ್ಲೇ ಸಡಿಲವಾಗುವ ಈ ದೋಷವನ್ನು ಮಾರ್ಗರೆಟ್ ಥ್ಯಾಚರ್ ಅವರ ಆರ್ಥಿಕ ಸಲಹೆಗಾರ ಅಲನ್ ವಾಲ್ಟರ್ಸ್, ಯೂರೋ ಹುಟ್ಟುವ ಮೊದಲೇ, ಯುರೋಪಿನ ಸ್ಥಿರ ವಿನಿಮಯ ದರ ವ್ಯವಸ್ಥೆಯನ್ನು ವಿಮರ್ಶಿಸುತ್ತ ತೋರಿಸಿಕೊಟ್ಟಿದ್ದರು.

ಅಗ್ಗದ ಸಾಲ ಸ್ಪೇನ್ ಮತ್ತು ಐರ್ಲೆಂಡ್‌ಗಳಲ್ಲಿ ಮನೆ, ನಿವೇಶನಗಳ ಬೆಲೆಯನ್ನು ಉಬ್ಬಿಸಿತು. 2008ರ ನಂತರ ಆ ಉಬ್ಬರ ಕುಸಿದಾಗ, ಸ್ವಂತ ನಾಣ್ಯವಿದ್ದಿದ್ದರೆ ಅದರ ಮೌಲ್ಯವನ್ನು ಇಳಿಸಿ ರಫ್ತನ್ನು ಅಗ್ಗವಾಗಿಸುವ ದಾರಿ ತೆರೆದಿರುತ್ತಿತ್ತು. ಪೆಸೆಟಾವನ್ನು ಬಿಟ್ಟುಕೊಟ್ಟಿದ್ದ ಸ್ಪೇನ್‌ಗೆ ಉಳಿದದ್ದು ಕೂಲಿ ಕಡಿತ ಮತ್ತು ಉದ್ಯೋಗ ನಷ್ಟದ ದಾರಿ. 2013ರ ಹೊತ್ತಿಗೆ ಅಲ್ಲಿನ ದುಡಿಯುವ ವರ್ಗದ ಕಾಲುಭಾಗಕ್ಕಿಂತ ಹೆಚ್ಚು ಜನರಿಗೆ ಕೆಲಸವಿರಲಿಲ್ಲ.