ಮೋಜಿನ ಕೆರೆ, ಯಾರೂ ಇಳಿದು ನೋಡದ ಏರಿ

ಅಮೆರಿಕದ ಅಣೆಕಟ್ಟುಗಳ ರಾಷ್ಟ್ರೀಯ ಪಟ್ಟಿಯಲ್ಲಿ 90,000ಕ್ಕೂ ಹೆಚ್ಚು ಕಟ್ಟೆಗಳಿವೆ. ಉದ್ದೇಶ ನೋಡಿ ವಿಂಗಡಿಸಿದರೆ ಅತಿ ದೊಡ್ಡ ಗುಂಪು ನೀರಾವರಿಯದೂ ಅಲ್ಲ, ವಿದ್ಯುತ್ತಿನದೂ ಅಲ್ಲ. ಅದು ದೋಣಿ ವಿಹಾರ, ಈಜು, ಮೀನು ಹಿಡಿಯುವ ಹವ್ಯಾಸಕ್ಕೆಂದು ಇರುವ ಕಟ್ಟೆಗಳದು. ಬಹುಪಾಲು ಕಟ್ಟೆಗಳು ಖಾಸಗಿಯವರ ಕೈಯಲ್ಲಿವೆ. ಗದ್ದೆಗೆ ನೀರುಣಿಸುವ ಕೆರೆಯ ತೂಬು ಕೆಟ್ಟರೆ ಮರುದಿನವೇ ರೈತರ ಗಲಾಟೆ ಶುರುವಾಗುತ್ತದೆ. ಮೋಜಿನ ಕೆರೆಗೆ ಅಂಥ ಕಾವಲಿಲ್ಲ. ನೀರು ತುಂಬಿ ಚೆಂದ ಕಂಡರೆ ಸಾಕು, ಏರಿಯ ಹಿಂಬದಿಗೆ ಇಳಿದು ನೋಡುವವರಿರುವುದಿಲ್ಲ. ಇಂಥ ಕಟ್ಟೆಗಳ ಬಗ್ಗೆ ತಪ್ಪು ಕಲ್ಪನೆಗಳು ಬೆಳೆಯುವುದೂ ಅದರಿಂದಲೇ.

‘ಇಷ್ಟು ಚಿಕ್ಕ ಕಟ್ಟೆ ಒಡೆದರೆ ಏನಾದೀತು?’

ಜಾರ್ಜಿಯಾ ರಾಜ್ಯದ ಟಕೋವಾ ಬಳಿಯ ಕೆಲ್ಲಿ ಬಾರ್ನ್ಸ್ ಕಟ್ಟೆಯ ಎತ್ತರ ಸುಮಾರು 42 ಅಡಿ, ಕೆರೆ ಸುಮಾರು 40 ಎಕರೆ. ಒಡೆದಾಗ ಹರಿದ ನೀರು ನಮ್ಮ ಟಿಎಂಸಿ ಲೆಕ್ಕದಲ್ಲಿ 0.03 ಕೂಡ ಅಲ್ಲ. ಕೆಆರ್‌ಎಸ್ ತುಂಬಿದಾಗ ಇರುವುದು 49 ಟಿಎಂಸಿ. 1977ರ ನವೆಂಬರ್ 6ರಂದು, ಜೋರು ಮಳೆಯ ಬೆನ್ನಿಗೆ, ಮಧ್ಯರಾತ್ರಿ ಕಳೆದು ಒಂದೂವರೆ ಗಂಟೆ ಹೊತ್ತಿಗೆ ಏರಿ ಕುಸಿಯಿತು. ನೀರು 186 ಅಡಿಯ ಜಲಪಾತದಿಂದ ಧುಮುಕಿ ಬೈಬಲ್ ಕಾಲೇಜಿನ ಆವರಣಕ್ಕೆ ನುಗ್ಗಿತು. ಹಳ್ಳದ ದಂಡೆಯ ಟ್ರೇಲರ್ ಮನೆಗಳಲ್ಲಿ ಸಂಸಾರಸ್ಥ ವಿದ್ಯಾರ್ಥಿಗಳು ಮಕ್ಕಳೊಂದಿಗೆ ಮಲಗಿದ್ದರು. ಸತ್ತವರು 39 ಮಂದಿ, ಅವರಲ್ಲಿ ಅರ್ಧಕ್ಕೂ ಹೆಚ್ಚು ಮಕ್ಕಳು. ಎಷ್ಟು ನೀರಿದೆ ಎನ್ನುವುದಕ್ಕಿಂತ ಕೆಳಗೆ ಯಾರ ಮನೆಯಿದೆ ಎಂಬುದನ್ನು ಮೊದಲು ಕೇಳಬೇಕು.

‘ಹೈ ಹಜಾರ್ಡ್ ಎಂದರೆ ಶಿಥಿಲ ಕಟ್ಟೆ’

ಅಲ್ಲ. ಕಟ್ಟೆಗಳಿಗೆ ಕೊಡುವ ಈ ಅಪಾಯ-ವರ್ಗಕ್ಕೆ, ಒಡೆದರೆ ಜೀವಹಾನಿ ಆಗುವ ಸಂಭವವಿದೆ ಎಂದಷ್ಟೇ ಅರ್ಥ. ನಿನ್ನೆ ಕಟ್ಟಿ ಮುಗಿಸಿದ ಗಟ್ಟಿಮುಟ್ಟಾದ ಕಟ್ಟೆಯೂ ಹೈ ಹಜಾರ್ಡ್ ಆಗಬಹುದು. ಏರಿಯಲ್ಲಿ ಏನೂ ಬದಲಾಗದೆ, ಕೆಳಗೊಂದು ಬಡಾವಣೆ ಎದ್ದ ಕಾರಣಕ್ಕೇ ವರ್ಗ ಬದಲಾಗುವುದೂ ಉಂಟು. ಕಟ್ಟೆಯ ಸ್ಥಿತಿಗತಿಗೆ ಬೇರೆಯೇ ಮೌಲ್ಯಮಾಪನವಿದೆ.

‘ಇಷ್ಟು ವರ್ಷ ನಿಂತಿದೆ, ಇನ್ನೂ ನಿಲ್ಲುತ್ತದೆ’

ಕೆಲ್ಲಿ ಬಾರ್ನ್ಸ್ ಕೂಡ ನಿಂತೇ ಇತ್ತು. 1899ರಲ್ಲಿ ಮರದ ಚೌಕಟ್ಟಿಗೆ ಕಲ್ಲು ತುಂಬಿ ಕಟ್ಟಿದ್ದರು. ಆಮೇಲೆ ಅದರ ಮೇಲೆಯೇ ಮಣ್ಣು ಹೇರಿ ಹಂತಹಂತವಾಗಿ ಎತ್ತರಿಸಿದರು. ಅಲ್ಲಿ ನಡೆಯುತ್ತಿದ್ದ ವಿದ್ಯುತ್ ಉತ್ಪಾದನೆ 1957ರಲ್ಲಿ ನಿಂತು ಅದು ಬರೀ ವಿಹಾರದ ಕೆರೆಯಾಯಿತು. ಹಿಂಬದಿಯ ಇಳಿಜಾರು ಜರಿದಿದ್ದು 1973ರ ಒಂದು ಫೋಟೊದಲ್ಲೇ ಕಾಣುತ್ತದೆ. ದುರಂತದ ನಂತರ ತನಿಖೆ ಮಾಡಿದವರಿಗೆ ಯಾವುದೋ ಒಂದೇ ಕಾರಣವನ್ನು ಬೆರಳಿಟ್ಟು ತೋರಿಸಲಾಗಲಿಲ್ಲ. ತೀರ ಕಡಿದಾದ ಇಳಿಜಾರು, ಒಳಗಿನ ಜಿನುಗು, ನೆನೆದ ಮಣ್ಣು ಎಲ್ಲವೂ ಒಟ್ಟಿಗೆ ಸೇರಿದ್ದವು.

‘ಏರಿಯ ಮೇಲೆ ಮರವಿದ್ದರೆ ಬೇರು ಮಣ್ಣನ್ನು ಹಿಡಿದಿಡುತ್ತದೆ’

ಗುಡ್ಡದ ಮಟ್ಟಿಗೆ ಸರಿ, ಏರಿಗೆ ಸಲ್ಲದು. ಮರ ಸತ್ತ ಮೇಲೆ ಬೇರು ಕೊಳೆತು ಮಣ್ಣಿನೊಳಗೆ ಟೊಳ್ಳು ಕೊಳವೆಗಳು ಉಳಿಯುತ್ತವೆ, ನೀರಿಗೆ ಅವೇ ದಾರಿ. ಗಾಳಿಗೆ ಮರ ಬುಡಮೇಲಾದರೆ ಏರಿಯ ಒಂದು ಭಾಗವೇ ಕಿತ್ತು ಬರುತ್ತದೆ. ಪೊದೆ ಬೆಳೆದರೆ ಬಿರುಕೂ ಹೆಗ್ಗಣದ ಬಿಲವೂ ಕಣ್ಣಿಗೆ ಬೀಳುವುದಿಲ್ಲ. ಏರಿಗೆ ಒಪ್ಪುವುದು ಕತ್ತರಿಸಿ ಗಿಡ್ಡವಾಗಿಟ್ಟ ಹುಲ್ಲು.

‘ಹಿಂಬದಿಯಲ್ಲಿ ನೀರು ಜಿನುಗಿದರೆ ಕಥೆ ಮುಗಿಯಿತು’

ಮಣ್ಣಿನ ಏರಿ ಎಂದ ಮೇಲೆ ಜಿನುಗು ಇದ್ದದ್ದೇ. ನೋಡಬೇಕಾದ್ದು ಅದರ ಬಣ್ಣ ಮತ್ತು ಪ್ರಮಾಣ. ಜಿನುಗನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಬೆಳಕಿಗೆ ಎತ್ತಿ ನೋಡಿ. ತಿಳಿಯಾಗಿದ್ದು, ತಿಂಗಳಿಂದ ತಿಂಗಳಿಗೆ ಅಷ್ಟೇ ಇದ್ದರೆ ಗಾಬರಿಯಿಲ್ಲ, ಬರೆದಿಟ್ಟುಕೊಂಡರೆ ಸಾಕು. ಕದಡಿದ್ದರೆ, ತಳದಲ್ಲಿ ಮಣ್ಣು ಕೂತರೆ, ನೀರು ಏರಿಯನ್ನು ಒಳಗಿಂದ ತಿನ್ನುತ್ತಿದೆ ಎಂದೇ ತಿಳಿಯಬೇಕು. ಎಂಜಿನಿಯರಿಗೂ ಕೆಳಗಿನ ಮನೆಗಳಿಗೂ ಫೋನು ಹೋಗಬೇಕಾದ್ದು ಆ ಗಳಿಗೆಯಲ್ಲೇ.

‘ಸಣ್ಣಪುಟ್ಟ ಅನುಕೂಲ ಮಾಡಿಕೊಂಡರೆ ತಪ್ಪೇನು?’

ಇದಕ್ಕೆ ಪೆನ್ಸಿಲ್ವೇನಿಯಾದ ಸೌತ್ ಫೋರ್ಕ್ ಕಟ್ಟೆಯಷ್ಟು ಕಠೋರವಾದ ಉತ್ತರ ಬೇರೆ ಸಿಗಲಾರದು. ಸರಕು ದೋಣಿಗಳು ಓಡಾಡುವ ಕಾಲುವೆಗೆ ನೀರು ಕೊಡಲು ಕಟ್ಟಿದ, 72 ಅಡಿ ಎತ್ತರದ ಏರಿ ಅದು, ಹಾಗಾಗಿ ಚಿಕ್ಕದೆನ್ನುವಂತಿಲ್ಲ. ರೈಲು ಬಂದು ಕಾಲುವೆ ಮೂಲೆಗೆ ಬಿದ್ದಿತು. ನಡುವೆ ಕೊಂಡವರೊಬ್ಬರು ತೂಬಿನ ಎರಕದ ಕೊಳವೆಗಳನ್ನೇ ಕಿತ್ತು ಗುಜರಿಗೆ ಮಾರಿಬಿಟ್ಟರು. ಬಳಿಕ ಬಂದದ್ದು ಆಂಡ್ರೂ ಕಾರ್ನೆಗಿ, ಹೆನ್ರಿ ಫ್ರಿಕ್‌ರಂಥ ಶ್ರೀಮಂತರ ಮೀನು-ಬೇಟೆ ಕ್ಲಬ್ಬು. ಕೊಳವೆಗಳನ್ನು ಮತ್ತೆ ಹಾಕಿಸಲಿಲ್ಲ, ಅಂದರೆ ಕೆರೆಯನ್ನು ಇಳಿಸುವ ದಾರಿಯೇ ಉಳಿಯಲಿಲ್ಲ. ಸಾರೋಟು ಓಡಾಡಲೆಂದು ಏರಿಯ ತಲೆಯನ್ನು ಎರಡು-ಮೂರು ಅಡಿ ತಗ್ಗಿಸಿದರು. ತಂದು ಬಿಟ್ಟ ಮೀನು ಕೋಡಿಯಲ್ಲಿ ಹರಿದುಹೋಗದಿರಲಿ ಎಂದು ಜಾಲರಿ ಕಟ್ಟಿದರು. 1880ರಲ್ಲೇ ಕೆಳಗಿನ ಊರಿನ ಕಬ್ಬಿಣದ ಕಂಪನಿ ತನ್ನ ಎಂಜಿನಿಯರನ್ನು ಕಳಿಸಿ, ತೂಬಿಲ್ಲದ ಬಗ್ಗೆ ಎಚ್ಚರಿಸಿತ್ತು. ಕ್ಲಬ್ಬು ಕಿವಿಗೆ ಹಾಕಿಕೊಳ್ಳಲಿಲ್ಲ.

1889ರ ಮೇ 31ರ ಮಳೆಗೆ ಕಸಕಡ್ಡಿ ಬಂದು ಜಾಲರಿಗೆ ಕಚ್ಚಿತು, ಕೋಡಿ ಕಟ್ಟಿಕೊಂಡಿತು, ನೀರು ಏರಿಯ ತಲೆಯ ಮೇಲೇ ಹರಿಯಿತು. ಸಿಮೆಂಟಿನ ಕಟ್ಟೆ ಅದನ್ನು ಸ್ವಲ್ಪ ಹೊತ್ತಾದರೂ ತಾಳಿಕೊಂಡೀತು. ಮಣ್ಣಿನ ಏರಿ ಕೊರೆದುಹೋಗುತ್ತದೆ. ಸುಮಾರು 22 ಕಿಲೋಮೀಟರ್ ಕೆಳಗಿನ ಜಾನ್ಸ್‌ಟೌನ್ ಊರನ್ನು ನೀರು ತಲುಪಿದ್ದು ಒಂದು ಗಂಟೆಯೊಳಗೆ. ಸತ್ತವರು 2,209. ಏರಿ ತಗ್ಗಿಸಿದ್ದು ಕೋಡಿಯ ಸಾಮರ್ಥ್ಯವನ್ನು ಎಷ್ಟು ಕುಗ್ಗಿಸಿತ್ತು ಎಂಬ ಲೆಕ್ಕವನ್ನು ಎಂಜಿನಿಯರುಗಳು ಈ ಶತಮಾನದಲ್ಲೂ ಹಾಕುತ್ತಿದ್ದಾರೆ.

‘ಅನುಮಾನ ಬಂದರೆ ಕೆರೆಯನ್ನು ತಕ್ಷಣ ಖಾಲಿ ಮಾಡಿ’

ಜೀವಕ್ಕೆ ಬಂದಾಗಿನ ಮಾತು ಬೇರೆ. ಉಳಿದಂತೆ ನಿಧಾನವಾಗಿ, ದಿನಕ್ಕೆ ಒಂದಡಿಯ ಆಚೀಚೆ ಇಳಿಸಬೇಕು. ನೀರು ಸರ್ರನೆ ತಗ್ಗಿದರೆ, ನೆನೆದು ಭಾರವಾದ ಒಳಬದಿಯ ಮಣ್ಣು ಎದುರಿನ ಆಸರೆ ತಪ್ಪಿ ಕೆರೆಯೊಳಕ್ಕೇ ಜರಿಯಬಹುದು.

‘ಸರ್ಕಾರದವರು ನೋಡಿಕೊಳ್ಳುತ್ತಾರೆ’

ಖಾಸಗಿ ಕಟ್ಟೆಗಳನ್ನೂ ತಪಾಸಣೆ ಮಾಡಬೇಕೆಂಬ ಕಾನೂನು ಅಮೆರಿಕದಲ್ಲಿ 1972ರಲ್ಲೇ ಬಂದಿತ್ತು, ದುಡ್ಡು ಮಾತ್ರ ಬಂದಿರಲಿಲ್ಲ. ಟಕೋವಾದ ಸಾವುಗಳಾದ ಮೇಲೆ, ಜಾರ್ಜಿಯಾದವರೇ ಆದ ಅಧ್ಯಕ್ಷ ಜಿಮ್ಮಿ ಕಾರ್ಟರ್ ತಪಾಸಣೆಗೆ ಆದೇಶಿಸಿದರು. 1981ರ ಹೊತ್ತಿಗೆ ಸೇನೆಯ ಎಂಜಿನಿಯರುಗಳು ಸುಮಾರು 8,800 ಕಟ್ಟೆಗಳನ್ನು ನೋಡಿ ಮುಗಿಸಿದರು. ಮೂರರಲ್ಲೊಂದು ಸುರಕ್ಷಿತವಲ್ಲ ಎಂದು ತಿಳಿಯಿತು.

ನಮ್ಮ 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವನ್ನು ಒಳಗೊಳ್ಳುತ್ತದೆ. 10ರಿಂದ 15 ಮೀಟರಿನವು ಸೇರಬೇಕಾದರೆ ಉದ್ದ, ಪ್ರವಾಹದ ಪ್ರಮಾಣ, ವಿಶೇಷ ವಿನ್ಯಾಸ ಮುಂತಾದ ಷರತ್ತುಗಳಲ್ಲಿ ಒಂದಾದರೂ ಅನ್ವಯಿಸಬೇಕು. ಸಂಗ್ರಹ ಸಾಮರ್ಥ್ಯದ ಷರತ್ತು 10 ಲಕ್ಷ ಘನ ಮೀಟರ್. ಕೆಲ್ಲಿ ಬಾರ್ನ್ಸ್‌ನ ಎತ್ತರ 13 ಮೀಟರಿಗೂ ಕಡಿಮೆ, ಒಡೆದು ಹರಿದ ನೀರು ಸುಮಾರು 7.8 ಲಕ್ಷ ಘನ ಮೀಟರ್. ಅಂಥದ್ದೊಂದು ಏರಿ ಇಲ್ಲಿದ್ದರೆ ಎತ್ತರದ ಲೆಕ್ಕದಲ್ಲಾಗಲಿ ನೀರಿನ ಲೆಕ್ಕದಲ್ಲಾಗಲಿ ಕಾಯ್ದೆಯ ಪಟ್ಟಿಗೆ ಸೇರುವುದಿಲ್ಲ.